ಪಿಎ ಅಂದ್ರ ಎಂಎಲ್‌ಎ ಹಿಂದ ಓಡಾಡೋ ಪಿಎ ಅಲ್ರೀ: ಫಿಜಿಷಿಯನ್ ಅಸಿಸ್ಟಂಟ್ ಮಾಸ್ಟರ್ಸ್ ಓದೋದು ಅಂದ್ರ ಏನು

ಹೋದ ತಿಂಗ್ಳು ಜೇವರ್ಗಿ ಕಡೆ ಒಂದು ಮದ್ವ್ಯಾಗ ಊಟಕ್ಕ ಕುಂತಿದ್ದೆ, ಬಾಜೂಕ ಕುಂತಿದ್ದ ಕಾಕಾ ಒಬ್ರು "ಏನ್ ಕೆಲ್ಸ ಮಾಡ್ತೀಯಪಾ" ಅಂದ್ರು, "ಪಿಎ ಅದೀನ್ರಿ" ಅಂದೆ, ಕಾಕಾನ ಮಾರಿ ಏಕದಂ ಅರಳ್ತು, ಎಲೀ ಮ್ಯಾಲಿನ ಹೋಳಿಗಿ ಬಿಟ್ಟು ನನ್ನ ಕಡೆ ತಿರುಗಿ "ಯಾವ ಎಂಎಲ್‌ಎ ಕಡೆ?" ಅಂತ ಕೇಳಿದ್ರು. ಇಲ್ರಿ ದವಾಖಾನ್ಯಾಗ ಪಿಎ, ಡಾಕ್ಟರ್ ಜೋಡಿ ಕೆಲ್ಸ ಅಂದೆ. "ಹಂಗಾದ್ರ ಕಂಪೌಂಡರ್" ಅಂದು ಮತ್ತ ಹೋಳಿಗಿ ಕಡೆ ತಿರುಗಿದ್ರು. ಹತ್ತು ವರ್ಷದಿಂದ ಈ ಎರಡು ಪ್ರಶ್ನಿ ನಡುವೆನೇ ನನ್ನ ಜೀವನ ನಡದದ.

ಅದು ಬಿಡ್ರಿ. ಅದೇ ವಾರ ನಮ್ಮ ಓಣ್ಯಾಗಿನ ಒಬ್ರು ತಮ್ಮ ಮಗನ್ನ ಕರ್ಕೊಂಡು ಮನಿಗೆ ಬಂದ್ರು, ಹುಡುಗ ಸೆಕೆಂಡ್ ಪಿಯುಸಿ ಪಿಸಿಬಿ ಮುಗಿಸ್ಯಾನ, ನೀಟ್ ಸ್ಕೋರ್ ಅಷ್ಟಕ್ಕಷ್ಟೇ, ಕೈಯಾಗ ಒಬ್ಬ ಏಜೆಂಟ್ ಕೊಟ್ಟ ಬಣ್ಣದ ಪಾಂಪ್ಲೆಟ್. ಅದ್ರಾಗ ದಪ್ಪ ಅಕ್ಷರದಾಗ ಬರ್ದಿತ್ತು, ಫಿಜಿಷಿಯನ್ ಅಸಿಸ್ಟಂಟ್ ಮಾಸ್ಟರ್ಸ್, ಅಮೆರಿಕಾದಾಗ ತಿಂಗ್ಳಿಗೆ 9 ಲಕ್ಷ. "ಖರೆ ಏನು?" ಅಂತ ಕೇಳಿದ್ರು. ಅವತ್ತು ಅವ್ರಿಗೆ ಎರಡು ತಾಸು ಕುಂಡ್ರಿಸ್ಕೊಂಡು ಹೇಳಿದ್ದನ್ನೇ ಇಲ್ಲಿ ಬರಿಲಾಕತ್ತೀನಿ, ಯಾಕಂದ್ರ ಇದೇ ಪ್ರಶ್ನಿ ಇಟ್ಕೊಂಡು ಬೀದರ್ ಯಾದಗಿರಿ ಕಡೆಯಿಂದನೂ ಫೋನ್ ಬರ್ತಾವ. ನಾನು ಓದಿದ್ದು ಚೆನ್ನೈದಾಗ ಬಿಎಸ್ಸಿ, ಹಾರ್ಟ್ ಸರ್ಜರಿ ಡಿಪಾರ್ಟ್‌ಮೆಂಟ್‌ದಾಗ ಕೆಲ್ಸ. ನಮ್ಮ ಚಿಗವ್ವನ ಮಗಳು ಕಲಬುರಗ್ಯಾಗ ಬಿಎಸ್ಸಿ ಮೈಕ್ರೋಬಯಾಲಜಿ ಮುಗಿಸಿ ಮದ್ವಿ ಆಗಿ ಟೆಕ್ಸಾಸ್‌ಗೆ ಹೋದಾಕಿ, ಅಲ್ಲಿ ಪಿಎ ಮಾಸ್ಟರ್ಸ್ ಮುಗಿಸ್ಯಾಳ. ಅಕಿ ಓದೋವಾಗ ನಮಗ ಬೆಳಗ್ಗೆ ಆಗಿರ್ತಿತ್ತು, ಅಕಿಗೆ ರಾತ್ರಿ, ಅಳ್ಕೋಂತ ಫೋನ್ ಮಾಡ್ತಿದ್ಳು. ಹಂಗಾಗಿ ಎರಡೂ ಕಡಿದು ನನಗ ಗೊತ್ತದ.

ಮೊದ್ಲ ಈ ಕೆಲ್ಸ ಎಲ್ಲಿಂದ ಬಂತು ಅನ್ನೋದು ಗೊತ್ತಾದ್ರ ಕೋರ್ಸ್ ಯಾಕ ಹಂಗದ ಅನ್ನೋದು ತಿಳೀತದ. 1965ರಾಗ ಅಮೆರಿಕಾದ ನಾರ್ತ್ ಕ್ಯಾರೊಲಿನಾದ ಡ್ಯೂಕ್ ಯೂನಿವರ್ಸಿಟ್ಯಾಗ ಡಾ. ಯೂಜೀನ್ ಸ್ಟೆಡ್ ಅನ್ನೋರು ಇದನ್ನ ಶುರು ಮಾಡಿದ್ರು. ಅಲ್ಲೂ ಆಗ ಡಾಕ್ಟರ್ ಕೊರತೆ, ಹಳ್ಳಿ ಕಡೆ ಅಂತೂ ಭಾಳ. ಇನ್ನೊಂದು ಕಡೆ ನೇವಿಯಾಗ ಮೆಡಿಕಲ್ ಕೆಲ್ಸ ಮಾಡಿ ಹೊರಗ ಬಂದ ಹುಡುಗ್ರು, ಗಾಯ ನೋಡಿ ಕೈ ಪಳಗ್ಯಾವ, ಆದ್ರ ಹೊರಗ ಆ ಅನುಭವಕ್ಕ ಕಿಮ್ಮತ್ತಿಲ್ಲ. ಅಂಥಾ ನಾಲ್ಕು ಮಂದೀನ ಮೊದ್ಲನೇ ಬ್ಯಾಚ್‌ಗೆ ತಗೊಂಡ್ರು, 1967ರ ಅಕ್ಟೋಬರ್ 6ಕ್ಕ ಮೂರು ಮಂದಿ ಪಾಸಾಗಿ ಹೊರಗ ಬಂದ್ರು. ಸ್ಟೆಡ್ ಅವ್ರು ಎರಡನೇ ಮಹಾಯುದ್ಧದ ಟೈಮಿನಾಗ ಡಾಕ್ಟರ್‌ಗಳನ್ನ ಲಗೂನ ತಯಾರ್ ಮಾಡಿದ್ದ ಪದ್ಧತಿ ನೋಡಿದವ್ರು, ಅದೇ ಗುಂಗಿನಾಗ ಇದನ್ನ ಕಟ್ಟಿದ್ರು. ಅಂದ್ರ ಈ ಕೋರ್ಸಿನ ಹುಟ್ಟೇ ಅವಸರದಾಗ ಆದದ್ದು, ಆ ಅವಸರ ಇವತ್ತಿಗೂ ಹೋಗಿಲ್ಲ.

ನಮ್ಮ ದೇಶಕ್ಕ ಇದು ಬಂದದ್ದು 1992ರಾಗ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ದಾಗ, ಡಾ. ಕೆ. ಎಂ. ಚೆರಿಯನ್ ಅವ್ರ ಕೈಯಿಂದ. ದೇಶದ ಮೊದ್ಲ ಬೈಪಾಸ್ ಸರ್ಜರಿ 1975ರಾಗ ಮಾಡಿದವ್ರು ಇವ್ರೇ, 2025ರ ಜನವರ್ಯಾಗ ತೀರ್ಕೊಂಡ್ರು. ಹಾರ್ಟ್ ಸರ್ಜನ್ ಶುರು ಮಾಡಿದ್ದಕ್ಕೋ ಏನೋ, ನಮ್ಮಲ್ಲಿ ಪಿಎ ಅಂದ್ರ ಇವತ್ತಿಗೂ ಹೆಚ್ಚು ಕಾಣಿಸೋದು ಹಾರ್ಟಿನ ದವಾಖಾನಿಯೊಳಗ. ಬೈಪಾಸ್ ಮಾಡೋವಾಗ ಸರ್ಜನ್ ಎದಿ ಕಡೆ ನಿಂತಿರ್ತಾರ, ಅದೇ ಟೈಮಿಗೆ ಕಾಲಿನಿಂದ ರಕ್ತನಾಳ ಬಿಡಿಸಿ ತಗಿಯೋ ಕೆಲ್ಸ ಭಾಳ ಕಡೆ ಪಿಎದೇ. ನಾನು ಮಾಡೋದೂ ಅದೇ.

ಈಗ ಮುಖ್ಯ ಗೊಂದಲ. ಇಲ್ಲಿನ ಬಿಎಸ್ಸಿ ಪಿಎ ಬ್ಯಾರೆ, ಅಮೆರಿಕಾದ ಪಿಎ ಮಾಸ್ಟರ್ಸ್ ಬ್ಯಾರೆ, ಹೆಸ್ರು ಮಾತ್ರ ಒಂದೇ. ಇಲ್ಲಿ ಪಿಯುಸಿ ಸೈನ್ಸ್ ಆದ್ಮ್ಯಾಲ ಸೀದಾ ಸೇರ್ತಾರ, ನಾಲ್ಕು ವರ್ಷ, ಅದ್ರಾಗ ಕೊನೇದು ಇಂಟರ್ನ್‌ಶಿಪ್. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಬಂದ್ಮ್ಯಾಲ ಈ ಕೆಲ್ಸಕ್ಕ ಕಾನೂನಿನಾಗ ಒಂದು ಹೆಸ್ರು ಸಿಕ್ಕದ, ಅದಕ್ಕ ಮೊದ್ಲ ನಾವು ಯಾರ ಪಟ್ಟಿಯೊಳಗೂ ಇರಲಿಲ್ಲ. ಅಮೆರಿಕಾದಾಗ ಮೊದ್ಲ ಒಂದು ಡಿಗ್ರಿ ಬೇಕು, ಅದ್ರ ಮ್ಯಾಲ ಸುಮಾರು 27 ತಿಂಗಳ ಮಾಸ್ಟರ್ಸ್, ಆಮ್ಯಾಲ ನ್ಯಾಷನಲ್ ಪರೀಕ್ಷಾ, ಆಮ್ಯಾಲ ರಾಜ್ಯದ ಲೈಸೆನ್ಸ್. ಲೈಸೆನ್ಸ್ ಬಂದ್ಮ್ಯಾಲ ಅಲ್ಲಿ ಪಿಎ ಪೇಷಂಟ್ ನೋಡ್ತಾರ, ಟೆಸ್ಟ್ ಬರೀತಾರ, 50 ರಾಜ್ಯದಾಗೂ ಔಷಧ ಚೀಟಿ ಬರೀತಾರ, ಡಾಕ್ಟರ್ ಜೋಡಿ ಯಾವ ಥರ ಒಪ್ಪಂದ ಇರಬೇಕು ಅನ್ನೋದು ಒಂದೊಂದು ರಾಜ್ಯಕ್ಕ ಒಂದೊಂದು ನಮೂನಿ. ಇಲ್ಲಿ ನಾನು ನನ್ನ ಹೆಸರ್ಲೇ ಒಂದು ಪ್ಯಾರಾಸಿಟಮಾಲ್ ಸೈತ ಬರಿಯಂಗಿಲ್ಲ. ಸರ್ಜನ್ ಹೇಳಿದ್ದನ್ನ ಬರ್ದು ಅವ್ರ ಸಹಿ ತಗೋಬೇಕು.

ಆ ಮಾಸ್ಟರ್ಸ್‌ಗೆ ಸೇರೋದೇ ಒಂದು ದೊಡ್ಡ ಕಥಿ. ಡಿಗ್ರಿ ಇದ್ರ ಸಾಲಂಗಿಲ್ಲ, ಅನಾಟಮಿ, ಫಿಸಿಯಾಲಜಿ, ಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಇಂಥವು ಓದಿರಬೇಕು, ಮತ್ತ ನಮ್ಮ ಕಡೆ ಮಂದಿಗೆ ಎಲ್ಲಕ್ಕಿಂತ ಹೊಸಾದು ಅನ್ಸೋದು ಅಂದ್ರ ಪೇಷಂಟ್ ಜೋಡಿ ಕೈಯಾರೆ ಕೆಲ್ಸ ಮಾಡಿದ ತಾಸಿನ ಲೆಕ್ಕ. ಕೆಲವು ಕಾಲೇಜು 500 ತಾಸು ಅಂತಾವ, ಕೆಲವು 1,000, ಕೆಲವು 2,000. ನಮ್ಮ ತಂಗಿ ಇದಕ್ಕ ಅಂತ ಒಂದು ವೃದ್ಧಾಶ್ರಮದಂಥ ನರ್ಸಿಂಗ್ ಹೋಮಿನಾಗ ಎರಡು ವರ್ಷ ಮುದುಕ್ರಿಗೆ ಜಳಕ ಮಾಡ್ಸಿ, ಬಟ್ಟಿ ಬದಲ್ ಮಾಡಿ, ಬಿಪಿ ಬರ್ಕೊಂಡು ಕೆಲ್ಸ ಮಾಡಿದ್ಳು. ಚಿಗವ್ವ ಇಲ್ಲಿ ಯಾರಿಗೂ ಅದನ್ನ ಹೇಳ್ಲಿಲ್ಲ, ನಾಚಿಕಿ. ಆದ್ರ ಅಕಿ ಹೇಳೋದು ಏನಂದ್ರ ಆಮ್ಯಾಲ ಕೆಲ್ಸಕ್ಕ ಬಂದದ್ದು ಪುಸ್ತಕಕ್ಕಿಂತ ಆ ಎರಡು ವರ್ಷನೇ ಜಾಸ್ತಿ ಅಂತ, ಪೇಷಂಟ್ ಮೈ ಮುಟ್ಟಲಿಕ್ಕ ಹೇಸಿಗಿ ಅಂಜಿಕಿ ಎರಡೂ ಹೋಗಿತ್ತು. ಅರ್ಜಿ ಹಾಕೋದು ಕ್ಯಾಸ್ಪಾ ಅನ್ನೋ ಒಂದೇ ಪೋರ್ಟಲ್‌ದಾಗ, ಅಲ್ಲಿಂದ ಎಷ್ಟು ಕಾಲೇಜಿಗೆ ಬೇಕಾದ್ರೂ ಕಳಿಸ್ಬಹುದು, ಫೀಸ್ ಮಾತ್ರ ಒಂದೊಂದಕ್ಕೂ. ಆಮ್ಯಾಲ ಇಂಟರ್‌ವ್ಯೂ, ಅದ್ರಾಗ "ನೀನು ಡಾಕ್ಟರ್ ಯಾಕ ಆಗ್ಲಿಲ್ಲ" ಅಂತ ಖಂಡಿತ ಕೇಳ್ತಾರ, ಡಾಕ್ಟರ್ ಸೀಟ್ ಸಿಗ್ಲಿಲ್ಲ ಅಂದ್ರ ಕಥಿ ಅಲ್ಲಿಗೇ ಮುಗೀತು.

ಸೀಟ್ ಸಿಕ್ತು ಅಂತ ಇಟ್ಕೊಳ್ರಿ. ಮೊದ್ಲನೇ ವರ್ಷ ಪೂರಾ ಕ್ಲಾಸು. ಬೆಳಗ್ಗೆ ಎಂಟಕ್ಕ ಕುಂತ್ರ ಸಂಜಿ ನಾಲ್ಕು ಐದರ ತನಕ, ಮನಿಗೆ ಹೋಗಿ ಮತ್ತ ಓದು, ವಾರಕ್ಕ ಒಂದೋ ಎರಡೋ ಪರೀಕ್ಷಾ. ನಮ್ಮ ಕಡೆ ತೊಗರಿ ರಾಶಿ ಮಾಡೋದು ನೋಡೀರಲ್ಲ, ಮಷಿನ್ ಒಮ್ಮೆ ಚಾಲೂ ಆಯ್ತಂದ್ರ ನಿಂದ್ರಂಗಿಲ್ಲ, ಒಬ್ಬ ಚೀಲ ಹಿಡಿಯೋದು ಜರಾ ತಡ ಮಾಡಿದ್ರ ಕಾಳು ನೆಲಕ್ಕ ಬೀಳ್ತಾವ, ಬಿದ್ದದ್ದು ಆರಿಸ್ಲಿಕ್ಕ ಕುಂತ್ರ ಮುಂದಿನ ಚೀಲ ತಪ್ಪಿತು. ಮೊದ್ಲನೇ ವರ್ಷ ಹಂಗೇ. ಹಾರ್ಟ್ ಎರಡು ವಾರ, ಶ್ವಾಸಕೋಶ ಎರಡು ವಾರ, ಕಿಡ್ನಿ ಒಂದೂವರಿ ವಾರ, ಹಿಂಗ ಒಂದೊಂದು ಅಂಗ ತಗೊಂಡು ಅದ್ರ ರಚನಾ, ಅದ್ರ ರೋಗ, ಅದಕ್ಕ ಔಷಧ ಎಲ್ಲಾ ಒಟ್ಟಿಗೇ ಸುರೀತಾರ. ಎಂಬಿಬಿಎಸ್ ಓದೋ ಹುಡುಗ್ರು ನಾಲ್ಕೂವರಿ ವರ್ಷ ತಗೊಂಡು ಓದೋದ್ರಾಗ ದೊಡ್ಡ ಪಾಲನ್ನ ಇಲ್ಲಿ ಒಂದು ವರ್ಷಕ್ಕ ಒತ್ತಿ ತುಂಬ್ಯಾರ. ಆಳಕ್ಕ ಅಷ್ಟು ಹೋಗಂಗಿಲ್ಲ, ಅದು ಖರೆ, ಅದನ್ನ ಒಪ್ಕೋಬೇಕು. ಅಗಲ ಮಾತ್ರ ಅಷ್ಟೇ ಇರ್ತದ.

ಪಿಯುಸಿಯೊಳಗ ಟಾಪ್ ಬಂದವ್ರೂ ಇಲ್ಲಿ ಎಡವ್ತಾರ, ಯಾಕಂದ್ರ ಬಾಯಿಪಾಠದ ಚಾಳಿ ನಡಿಯಂಗಿಲ್ಲ. ಔಷಧದ ಉದಾಹರಣಿ ಕೊಡ್ತೀನಿ. ನೂರಾರು ಔಷಧದ ಹೆಸ್ರು ಬಾಯಿಪಾಠ ಮಾಡ್ಲಿಕ್ಕ ಹೋದ್ರ ಸತ್ತಂಗೇ. ಔಷಧಕ್ಕೂ ನಮ್ಮ ಮಂದಿ ಹಂಗ ಅಡ್ಡಹೆಸ್ರು ಇರ್ತಾವ, ಅದು ಹಿಡೀಬೇಕು. ಪ್ರಿಲ್ ಅಂತ ಮುಗಿಯೋವು ಎಲ್ಲಾ ಒಂದು ಮನೆತನ, ಎನಲಾಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್, ಬಿಪಿಗೆ ಕೊಡೋವು, ಈ ಮನೆತನದ ಖೋಡಿ ಅಂದ್ರ ಕೆಲವರಿಗೆ ಒಣಕೆಮ್ಮು ಹಚ್ತಾವ. ಸಾರ್ಟಾನ್ ಅಂತ ಮುಗಿಯೋವು ಅವ್ರ ದಾಯಾದಿಗಳು, ಕೆಲ್ಸ ಹೆಚ್ಚುಕಮ್ಮಿ ಅದೇ, ಕೆಮ್ಮಿನ ಕಾಟ ಕಮ್ಮಿ. ಓಲಾಲ್ ಅಂತ ಮುಗಿಯೋವು ಹಾರ್ಟಿನ ಬಡಿತ ನಿಧಾನ ಮಾಡೋವು, ದಮ್ಮು ಇದ್ದವ್ರಿಗೆ ಕೊಡೋವಾಗ ಹುಷಾರ್. ಹಿಂಗ ಮನೆತನ ಹಿಡಿದ್ರ ನೂರು ಹೆಸ್ರು ಇಪ್ಪತ್ತು ಆಗ್ತಾವ. ನಮ್ಮ ಓಣ್ಯಾಗ ಆರು ತಿಂಗ್ಳಿಂದ ಕೆಮ್ಮು ಕೆಮ್ಮು ಅಂತ ಸಿರಪ್ ಕುಡೀತಿದ್ದ ಒಬ್ಬ ಅಜ್ಜಿ ಇದ್ಳು, ಗುಳಿಗಿ ಡಬ್ಬಿ ತರ್ಸಿ ನೋಡಿದ್ರ ಪ್ರಿಲ್. ನಾನು ಬದಲ್ ಮಾಡ್ಲಿಲ್ಲ, ಮಾಡಂಗಿಲ್ಲ, ಅಕಿ ಡಾಕ್ಟರ್ ಕಡೆ ಕಳ್ಸಿದೆ ಅಷ್ಟೇ.

ಅನಾಟಮಿಗೆ ಭಾಳ ಕಾಲೇಜಿನಾಗ ಹೆಣ ಕೊಯ್ದೇ ಕಲಿಸ್ತಾರ, ಕೆಲವು ಕಡೆ ಕೊಯ್ದಿಟ್ಟದ್ದು ತೋರಿಸ್ತಾರ, ಕೆಲವು ಕಡೆ ಕಂಪ್ಯೂಟರ್. ಫಾರ್ಮಲಿನ್ ವಾಸ್ನಿ ಕೂದ್ಲಕ್ಕ ಹತ್ತಿ ಎರಡು ಸಲ ತಲಿ ತೊಳ್ದ್ರೂ ಹೋಗಂಗಿಲ್ಲ. ಮಾರ್ಕ್ಸ್ ವಿಷಯದಾಗ ಕಟ್ಟುನಿಟ್ಟು, ಒಂದು ಪೇಪರ್ ಬಿದ್ರ ಮತ್ತ ಬರೀಲಿಕ್ಕ ಬಿಡ್ತಾರ, ಮತ್ತ ಮತ್ತ ಬಿದ್ರ ಕೆಳಗಿನ ಬ್ಯಾಚಿಗೆ ಇಳಿಸ್ತಾರ ಇಲ್ಲ ಮನಿಗೆ ಕಳಿಸ್ತಾರ. ಓದ್ಕೋಂತ ನೌಕ್ರಿ ಮಾಡೋದು ಭಾಳ ಕಾಲೇಜ್ ಬ್ಯಾಡ ಅಂತನೇ ಹೇಳ್ತಾವ, ಬ್ಯಾಡ ಅನ್ನದಿದ್ರೂ ಆಗಂಗಿಲ್ಲ.

ಈಗ ನನಗ ಎಲ್ಲಕ್ಕಿಂತ ಸೇರೋ ಭಾಗ, ಇದ್ರ ಬಗ್ಗೆ ಜರಾ ಜಾಸ್ತಿನೇ ಮಾತಾಡ್ತೀನಿ. ಪೇಷಂಟ್ ಜೋಡಿ ಮಾತಾಡೋದು. ಮಂದಿ ತಿಳ್ಕೊಂಡಿರೋದು ಮೆಡಿಕಲ್ ಅಂದ್ರ ಮಷಿನ್, ಸ್ಕ್ಯಾನ್, ರಕ್ತ ಪರೀಕ್ಷಾ ಅಂತ, ಆದ್ರ ರೋಗದ ಅರ್ಧಕ್ಕಿಂತ ಹೆಚ್ಚು ಸುಳಿವು ಪೇಷಂಟ್ ಬಾಯಾಗೇ ಇರ್ತದ, ಅದನ್ನ ಬರಾಬರ್ ಕೇಳಿ ತಗಿಯೋದೇ ಪಿಎ ಟ್ರೇನಿಂಗಿನ ಜೀವ. ನೋವು ಅಂದ್ರ, ಯಾವಾಗ ಶುರು ಆಯ್ತು, ಎಲ್ಲಿ, ಎಷ್ಟೊತ್ತು ಇರ್ತದ, ಎಂಥಾ ನೋವು, ಏನ್ ಮಾಡಿದ್ರ ಹೆಚ್ಚಾಗ್ತದ, ಏನ್ ಮಾಡಿದ್ರ ಕಮ್ಮಿ, ದಿನದಾಗ ಯಾವಾಗ, ಹತ್ತರಾಗ ಎಷ್ಟು. ಇಷ್ಟು ಕೇಳೋದು ಸಸಾರ ಅನ್ಸ್ತದ. ಆಳಂದ ಕಡಿಂದ ಬಂದ ಒಬ್ಬ ರೈತನ ಮುಂದ ಕುಂತು ಕೇಳ್ರಿ ಗೊತ್ತಾಗ್ತದ. "ಎದ್ಯಾಗ ಉರಿಲಾಕತ್ತದ್ರಿ, ಗ್ಯಾಸ್ ಆಗ್ಯದ" ಅಂತಾನ, ಸೋಡಾ ಕುಡ್ದು ಬಂದಿರ್ತಾನ, ಹತ್ತರಾಗ ಎಷ್ಟು ಅಂದ್ರ "ಅದೇನ್ರಿ ಸಾಹೇಬ್ರ, ನೋವು ತೂಕ ಮಾಡ್ಲಿಕ್ಕ ಬರ್ತದೇನು" ಅಂತ ನಗ್ತಾನ. ಆದ್ರ "ನಿನ್ನೆ ಬಾವ್ಯಾಗಿನ ಮೋಟರ್ ಚಾಲೂ ಮಾಡ್ಲಿಕ್ಕ ದಿಬ್ಬ ಹತ್ತೋವಾಗ ಬಂತು, ಕುಂತ್ಮ್ಯಾಲ ಹೋಯ್ತು" ಅಂತ ನಡುವೆ ಒಂದು ಮಾತು ಬಿಡ್ತಾನಲ್ಲ, ಅದೇ ಮಾತು ಹಿಡೀಬೇಕು. ದಿಬ್ಬ ಹತ್ತಿದ್ರ ಬರೋದು, ಕುಂತ್ರ ಹೋಗೋದು, ಗ್ಯಾಸ್ ಹಂಗ ಮಾಡೋದು ಕಮ್ಮಿ, ಹಾರ್ಟ್ ಹಂಗ ಮಾಡ್ತದ.

ಆಮ್ಯಾಲ ತಲ್ಯಾಗ ಒಂದು ಪಟ್ಟಿ ತಯಾರಾಗಬೇಕು, ಇದು ಏನೇನು ಇರಬಹುದು ಅಂತ. ಎದಿ ನೋವಿಗೆ ಹಾರ್ಟ್ ಅಟ್ಯಾಕ್, ಶ್ವಾಸಕೋಶಕ್ಕ ಹೋಗಿ ಸಿಕ್ಕ ರಕ್ತದ ಗಡ್ಡಿ, ದೊಡ್ಡ ರಕ್ತನಾಳ ಒಳಗಿಂದ ಸೀಳೋದು, ಶ್ವಾಸಕೋಶದ ಸುತ್ತ ಗಾಳಿ ತುಂಬೋದು, ಆಸಿಡಿಟಿ, ಬರೀ ಸ್ನಾಯು ನೋವು. ಇದ್ರಾಗ ಹೆಚ್ಚು ಮಂದಿಗೆ ಇರೋದು ಕೊನೇವು ಎರಡೇ. ಆದ್ರ ಕಲಿಸೋದು ಏನಂದ್ರ ಜೀವ ತಗಿಯೋವನ್ನ ಮೊದ್ಲ ತಳ್ಳಿ ಹಾಕು, ಆಮ್ಯಾಲ ಗ್ಯಾಸ್ ಅನ್ನು. ಶುಗರ್ ಇದ್ದವ್ರು, ಅದ್ರಾಗೂ ಹೆಣ್ಮಕ್ಕಳು, ಎದಿ ನೋವು ಇಲ್ಲದೇನೇ ಬರೀ ಬೆವರು, ಸುಸ್ತು, ವಾಂತಿ ಅಂತ ಬರ್ತಾರ, ಇಸಿಜಿ ತಗದ್ರ ಹಾರ್ಟ್ ಅಟ್ಯಾಕ್. ನಮ್ಮ ಕಡೆ ಶುಗರ್ ಇಲ್ಲದ ಮನಿ ಹುಡ್ಕೋದು ಕಷ್ಟ, ಹಂಗಾಗಿ ಈ ಒಂದು ಪಾಠ ಟೆಕ್ಸಾಸ್‌ಕಿಂತ ಸೇಡಂ ರೋಡಿಗೆ ಹೆಚ್ಚು ಬೇಕು.

ಕೇಳಿದ್ದನ್ನ ಬರಿಯೋದಕ್ಕೂ ಒಂದು ಪದ್ಧತಿ, ಸೋಪ್ ನೋಟ್ ಅಂತಾರ, ಮೈ ತೊಳಿಯೋ ಸೋಪ್ ಅಲ್ಲ, ನಾಲ್ಕು ಇಂಗ್ಲಿಷ್ ಶಬ್ದದ ಮೊದ್ಲಕ್ಷರ. ಪೇಷಂಟ್ ಏನಂದ ಅನ್ನೋದು ಮೊದ್ಲ, ನೀನು ನೋಡಿ ಮುಟ್ಟಿ ಅಳದದ್ದು ಎರಡನೇದು, ನಿನ್ನ ಲೆಕ್ಕಕ್ಕ ಇದು ಏನು ಅನ್ನೋದು ಮೂರನೇದು, ಮುಂದ ಏನ್ ಮಾಡಬೇಕು ಕೊನೇದು. ಶುರುವಿಗೆ ಎಲ್ಲರೂ ಮಾಡೋ ತಪ್ಪು ಅಂದ್ರ ಮೂರನೇದನ್ನ ಮನಸ್ಸಿನಾಗ ಮೊದ್ಲೇ ತೀರ್ಮಾನ ಮಾಡ್ಕೊಂಡು ಮೊದ್ಲನೇ ಎರಡನ್ನ ಅದಕ್ಕ ತಕ್ಕಂಗ ಬರಿಯೋದು.

ಇದನ್ನ ಪರೀಕ್ಷಾ ಮಾಡ್ಲಿಕ್ಕ ನಾಟಕದವ್ರನ್ನ ಕರಸ್ತಾರ್ರಿ, ಖರೇನ. ರೊಕ್ಕ ಕೊಟ್ಟು ಮಂದಿ ಕರ್ಸಿ, ರೋಗ ಇದ್ದಂಗ ನಟನೆ ಮಾಡ್ಲಿಕ್ಕ ತಯಾರ್ ಮಾಡಿ, ರೂಮಿನಾಗ ಕುಂಡ್ರಸ್ತಾರ, ಹದಿನೈದೋ ಇಪ್ಪತ್ತೋ ನಿಮಿಷದಾಗ ಸ್ಟೂಡೆಂಟ್ ಒಳಗ ಹೋಗಿ ಕೇಳಿ, ನೋಡಿ, ಹೊರಗ ಬರಬೇಕು, ಮ್ಯಾಲ ಕ್ಯಾಮೆರಾ. ನಮ್ಮ ತಂಗಿ ಮೊದ್ಲನೇ ಸಲ ರೋಗ ಬರಾಬರ್ ಹಿಡಿದ್ಳಂತ, ಆದ್ರ ಒಳಗ ಹೋಗಿ ಕೈ ತೊಳೀಲಿಲ್ಲ, ತನ್ನ ಹೆಸ್ರು ಹೇಳ್ಲಿಲ್ಲ, ಮಾರ್ಕ್ಸ್ ಕಟ್. ಆ ನಾಟಕದಾಕಿ ಫೀಡ್‌ಬ್ಯಾಕ್‌ದಾಗ ಬರ್ದಿದ್ಳಂತ, "ಈಕಿ ನನ್ನ ಮಾರಿ ನೋಡ್ಲಿಲ್ಲ, ಕಾಗದ ನೋಡಿದ್ಳು". ಹೊಲಿಗಿ ಹಾಕೋದು, ಪ್ಲಾಸ್ಟರ್ ಕಟ್ಟೋದು, ಸಲಾಯಿನ್ ಲೈನ್ ಹಾಕೋದು, ಸಿಪಿಆರ್ ಇವೆಲ್ಲಾನೂ ಈ ವರ್ಷನೇ ಕಲಿಸ್ತಾರ, ಅವು ಕೈ ಕೆಲ್ಸ, ಮಾಡ್ಕೋಂತ ಬರ್ತಾವ.

ಎರಡನೇ ವರ್ಷ ಕ್ಲಾಸ್ ಮುಗೀತು, ಪೂರಾ ದವಾಖಾನಿ. ಸುಮಾರು 2,000 ತಾಸು ಅಂತ ಹೇಳ್ತಾರ. ನಾಲ್ಕರಿಂದ ಆರು ವಾರಕ್ಕ ಒಂದು ಡಿಪಾರ್ಟ್‌ಮೆಂಟ್, ಇದಕ್ಕೇ ರೊಟೇಷನ್ ಅಂತಾರ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಎಮರ್ಜೆನ್ಸಿ, ಸರ್ಜರಿ, ಮಕ್ಕಳದು, ಹೆಣ್ಮಕ್ಕಳದು, ಮಾನಸಿಕದು, ಇವು ಎಲ್ಲರಿಗೂ ಕಡ್ಡಾಯ, ಮ್ಯಾಲೊಂದು ಎರಡು ನಮಗ ಬೇಕಾದ್ದು. ಕೇಳ್ಲಿಕ್ಕ ಛಲೋ ಅನ್ಸ್ತದ. ಕಷ್ಟ ಏನಂದ್ರ ಪ್ರತಿ ತಿಂಗ್ಳು ನೀವು ಮತ್ತ ಹೊಸಬ್ರು. ಯಾವ ಕಪಾಟಿನಾಗ ಏನದ ಗೊತ್ತಿಲ್ಲ, ಕಂಪ್ಯೂಟರ್ ಲಾಗಿನ್ ಬಂದಿಲ್ಲ, ನರ್ಸ್ ಹೆಸ್ರು ಗೊತ್ತಿಲ್ಲ, ಕಲಿಸೋ ಡಾಕ್ಟರ್ ಒಬ್ರು ಪ್ರಶ್ನಿ ಕೇಳಿ ಕೇಳಿ ಜೀವ ತಿಂತಾರ ಇನ್ನೊಬ್ರು ಮಾತೇ ಆಡಂಗಿಲ್ಲ, ಎಲ್ಲಾ ರೂಢಿ ಆಯ್ತು ಅನ್ನೋದ್ರಾಗ ಸಾಮಾನು ಕಟ್ಟು ಮುಂದಿನ ಊರಿಗೆ ನಡಿ. ನಮ್ಮ ತಂಗಿಗೆ ಒಂದು ರೊಟೇಷನ್ ಮನಿಯಿಂದ ನಾಲ್ಕು ತಾಸು ದೂರದ ಊರಾಗ ಬಿದ್ದಿತ್ತು, ಎರಡು ವರ್ಷದ ಕೂಸು ಗಂಡನ ಕಡೆ ಬಿಟ್ಟು ಹೋದ್ಳು. ಆವಾಗೇ ಅಳ್ಕೋಂತ ಫೋನ್ ಮಾಡ್ತಿದ್ದದ್ದು. ಪ್ರತಿ ರೊಟೇಷನ್ ಕೊನೀಗೆ ಮತ್ತ ಒಂದು ಪರೀಕ್ಷಾ, 120 ಪ್ರಶ್ನಿ, ಅದನ್ನ ಡ್ಯೂಟಿ ಮುಗಿಸ್ಕೊಂಡು ಬಂದು ಓದಬೇಕು.

ಆದ್ರ ಈ ವರ್ಷ ಕಲಿಸೋ ದೊಡ್ಡ ಪಾಠ ಅಂದ್ರ ಎಲ್ಲಿ ನಿಂದ್ರಬೇಕು ಅನ್ನೋದು, ಇದನ್ನ ನಾನು ನನ್ನ ಪೆಟ್ಟಿನಿಂದ ಕಲ್ತೆ. ಕೆಲ್ಸಕ್ಕ ಸೇರಿ ಮೊದ್ಲನೇ ವರ್ಷ, ಚಿತ್ತಾಪುರ ಕಡೆ ಪೇಷಂಟ್ ಒಬ್ರು, ಆಂಜಿಯೋಗ್ರಾಂ ಆಗಿತ್ತು, ಅವ್ರ ಮಗ ಕಾರಿಡಾರಿನಾಗ ಹಿಡ್ಕೊಂಡು "ಸ್ಟೆಂಟ್ ಸಾಕೇನ್ರಿ, ಕೊಯ್ಯೋದು ಬ್ಯಾಡಲ್ಲ?" ಅಂತ ಕೇಳ್ದ. ನನಗ ಗೊತ್ತದ ಅನ್ನೋ ಸೊಕ್ಕು, ಫಿಲಂ ನಾನೂ ನೋಡಿದ್ದೆ, ಸಾಕಾಗ್ತದ ಬಿಡ್ರಿ ಅಂದ್ಬಿಟ್ಟೆ. ಸಂಜಿಗೆ ಸರ್ಜನ್ ಬಂದು ಬೈಪಾಸ್ ಮಾಡ್ಲೇಬೇಕು ಅಂದ್ರು. ಆ ಮಂದಿ ಯಾರ ಮಾತು ನಂಬಬೇಕು? ರೊಕ್ಕಕ್ಕ ಹಿಂಗ ಮಾಡ್ತಾರ ಅಂತ ತಿಳ್ಕೊಂಡು ರಾತ್ರೋರಾತ್ರಿ ಬಿಡಿಸ್ಕೊಂಡು ಸೋಲಾಪುರಕ್ಕ ಹೋದ್ರು. ಸರ್ಜನ್ ನನಗ ಬೈಲಿಲ್ಲ, ಬೈದಿದ್ರ ಛಲೋ ಇತ್ತು. ನಮ್ಮ ತಂಗಿ ಕಾಲೇಜಿನಾಗ ಇದಕ್ಕ ಅಂತನೇ ಅಭ್ಯಾಸ ಮಾಡಸ್ತಾರಂತ, ಗೊತ್ತಿಲ್ಲದಾಗ "ನನಗ ಗೊತ್ತಿಲ್ಲ, ಡಾಕ್ಟರಿಗೆ ಕೇಳಿ ಹೇಳ್ತೀನಿ" ಅಂತ ಪೇಷಂಟ್ ಮುಂದ ನಿಂತು ಜೋರಾಗಿ ಹೇಳೋದು. ಮೊದ್ಲ ತಿಂಗ್ಳು ಅದು ಬಾಯಿಂದ ಹೊರಗ ಬರಂಗಿಲ್ಲ ಅಂತಾಳ.

ಹೆಸರಿನ ಜಗಳಾನೂ ಇದಕ್ಕೇ ಸಂಬಂಧ. 2021ರಾಗ ಅಮೆರಿಕಾದ ಪಿಎ ಸಂಘದವ್ರು ನಾವು ಅಸಿಸ್ಟಂಟ್ ಅಲ್ಲ, ಫಿಜಿಷಿಯನ್ ಅಸೋಸಿಯೇಟ್ ಅಂತ ಹೆಸ್ರು ಬದಲ್ ಮಾಡ್ಲಿಕ್ಕ ತೀರ್ಮಾನ ಮಾಡಿದ್ರು. ಇಂಗ್ಲೆಂಡಿನಾಗ ಉಲ್ಟಾ. ಅಲ್ಲಿ ಅಸೋಸಿಯೇಟ್ ಅಂತನೇ ಇತ್ತು, 2025ರ ಜುಲೈದಾಗ ಬಂದ ಲೆಂಗ್ ರಿವ್ಯೂ ಅನ್ನೋ ಸರಕಾರಿ ವರದಿ, ಮಂದಿ ಇವ್ರನ್ನ ಡಾಕ್ಟರ್ ಅಂತ ತಿಳ್ಕೊಳ್ಳಾಕತ್ತಾರ, ವಾಪಸ್ ಅಸಿಸ್ಟಂಟ್ ಅಂತ ಮಾಡ್ರಿ, ರೋಗ ಏನಂತ ಇನ್ನೂ ಗೊತ್ತಾಗದ ಪೇಷಂಟ್‌ನ ಇವ್ರು ಮೊದ್ಲ ನೋಡೋದು ಬ್ಯಾಡ ಅಂತ ಹೇಳ್ತು. ನನಗ ಕೇಳಿದ್ರ ಇಂಗ್ಲೆಂಡಿನವ್ರ ಅಂಜಿಕಿಯೊಳಗ ಅರ್ಥ ಅದ. ಬಿಳಿ ಕೋಟ್ ಹಾಕ್ಕೊಂಡು ಕೊಳ್ಳಾಗ ಸ್ಟೆತಸ್ಕೋಪ್ ಇದ್ರ ನಮ್ಮ ಮಂದಿಗೆ ಎಲ್ಲರೂ ಡಾಕ್ಟರೇ, ಹಳ್ಳ್ಯಾಗ ಆರ್‌ಎಂಪಿ ಅಂತ ಬೋರ್ಡ್ ಹಾಕ್ಕೊಂಡು ಕುಂತವ್ರನ್ನೂ ಡಾಕ್ಟರ್ ಸಾಹೇಬ್ರ ಅಂತಾರ. ಹಂಗಾಗಿ ನಾನು ದಿನಕ್ಕ ಹತ್ತು ಸಲ "ನಾನು ಡಾಕ್ಟರ್ ಅಲ್ರಿ" ಅಂತೀನಿ.

ರೊಕ್ಕದ ಮಾತು. ಆ ಪಾಂಪ್ಲೆಟ್‌ದಾಗಿನ 9 ಲಕ್ಷ ಪೂರಾ ಸುಳ್ಳಲ್ಲ, ಅದೇ ಅದ್ರ ಡೇಂಜರ್. ಅಮೆರಿಕಾದ ಸರಕಾರಿ ಲೆಕ್ಕದಾಗ 2023ಕ್ಕ ಪಿಎ ಮಂದಿಯ ನಡುಮಟ್ಟದ ಸಂಬಳ ವರ್ಷಕ್ಕ 1,30,020 ಡಾಲರ್, ತಿಂಗ್ಳಿಗೆ ಭಾಗ ಮಾಡಿ ರೂಪಾಯಿ ಮಾಡಿದ್ರ ಹೆಚ್ಚುಕಮ್ಮಿ ಅಷ್ಟೇ ಬರ್ತದ. ಟ್ಯಾಕ್ಸ್ ಹೋಗ್ತದ, ಅಲ್ಲಿನ ಬಾಡಗಿ ಹೋಗ್ತದ, ಮತ್ತ ಕೋರ್ಸಿನ ಫೀಸೇ ಭಾಳ ಕಡೆ ಒಂದು ಲಕ್ಷ ಡಾಲರಿನ ಆಜುಬಾಜು, ಊಟ ಮನಿ ಬ್ಯಾರೆ. ನಮ್ಮ ತಂಗಿ ಮನ್ಯಾಗ ಎಜುಕೇಷನ್ ಲೋನ್ ಇನ್ನೂ ನಡದದ.

ಎಲ್ಲಾ ಮುಗೀತು ಅಂದ್ಮ್ಯಾಲ ಪ್ಯಾನ್ಸ್, ಮೊದ್ಲ ಹೇಳಿದ್ನಲ್ಲ, ಆ ನ್ಯಾಷನಲ್ ಪರೀಕ್ಷಾ. 300 ಪ್ರಶ್ನಿ, 60ರಂಗ ಐದು ಭಾಗ, ಒಂದೊಂದಕ್ಕ ಒಂದು ತಾಸು, ಅಂದ್ರ ಒಂದು ಪ್ರಶ್ನಿಗೆ ಒಂದು ನಿಮಿಷ. 200ರಿಂದ 800ರ ತನಕ ಸ್ಕೋರ್, 350 ಬಂದ್ರ ಪಾಸ್. ಮೊದ್ಲನೇ ಸಲ ಬರ್ದವ್ರಾಗ ಹತ್ತಕ್ಕ ಒಂಬತ್ತು ಮಂದಿಗಿಂತ ಜಾಸ್ತಿ ಪಾಸಾಗ್ತಾರ, ಸೋಸೋ ಕೆಲ್ಸ ಅಷ್ಟೊತ್ತಿಗೆ ಕಾಲೇಜೇ ಮಾಡಿ ಮುಗಿಸಿರ್ತದ. ಆಮ್ಯಾಲೂ ಬಿಡಂಗಿಲ್ಲ, ಎರಡು ವರ್ಷಕ್ಕ 100 ತಾಸಿನ ಓದು ತೋರಿಸ್ಬೇಕು, ಹತ್ತು ವರ್ಷಕ್ಕೊಮ್ಮೆ ಮತ್ತ ಪರೀಕ್ಷಾ. ಸರ್ಜರಿಯಂಥಾ ಒಂದೇ ವಿಭಾಗದಾಗ ಕೈ ಪಳಗಿಸ್ಬೇಕು ಅನ್ನೋವ್ರಿಗೆ ಇನ್ನೊಂದು ವರ್ಷದ ರೆಸಿಡೆನ್ಸಿ, ಅಂದ್ರ ದವಾಖಾನ್ಯಾಗ ಕೆಲ್ಸ ಮಾಡ್ಕೋಂತ ಕಲಿಯೋ ಟ್ರೇನಿಂಗ್ ಅದ, ನ್ಯೂಯಾರ್ಕಿನ ಮಾಂಟೆಫಿಯೋರ್ ದವಾಖಾನ್ಯಾಗ 1971ರಿಂದನೇ ನಡದದ, ಕಡ್ಡಾಯ ಅಲ್ಲ, ಆ ವರ್ಷ ಸಂಬಳಾನೂ ಕಮ್ಮಿ.

ಈಗ ಆ ಪಾಂಪ್ಲೆಟ್ ಮುಚ್ಚಿಟ್ಟ ಮಾತು. ಪ್ಯಾನ್ಸ್ ಬರೀಬೇಕಂದ್ರ ಆರ್ಕ್ ಪಿಎ ಅನ್ನೋ ಸಂಸ್ಥೆ ಮಾನ್ಯತೆ ಕೊಟ್ಟ ಕಾಲೇಜಿನಾಗೇ ಓದಿರಬೇಕು. ಬ್ಯಾರೆ ದಾರಿ ಇಲ್ಲ. ಇಲ್ಲಿ ಬಿಎಸ್ಸಿ ಪಿಎ ಮಾಡಿ ಹದಿನೈದು ವರ್ಷ ಕೆಲ್ಸ ಮಾಡಿದ್ರೂ ನನಗ ಆ ಪರೀಕ್ಷಾಕ್ಕ ಕುಂಡ್ರಲಿಕ್ಕ ಬರಂಗಿಲ್ಲ, ಅಷ್ಟೇ ಅಲ್ಲ, ಇಲ್ಲಿನ ಎಂಬಿಬಿಎಸ್ ಡಾಕ್ಟರ್ ಹೋದ್ರೂ ಸೀದಾ ಪಿಎ ಆಗ್ಲಿಕ್ಕ ಆಗಂಗಿಲ್ಲ, ಮೊದ್ಲಿಂದ ಆ ಮಾಸ್ಟರ್ಸ್ ಓದಬೇಕು. ಇಲ್ಲಿಂದ ಸೀದಾ ಅರ್ಜಿ ಹಾಕೋವ್ರಿಗೆ ಇನ್ನೂ ಅಡಚಣಿ ಅವ, ಕೆಲವು ಕಾಲೇಜು ಸ್ಟೂಡೆಂಟ್ ವೀಸಾದವ್ರನ್ನ ತಗೊಳ್ಳೋದೇ ಇಲ್ಲ, ಹಲವು ಕಾಲೇಜು ಸೈನ್ಸ್ ವಿಷಯ ಅಮೆರಿಕಾದಾಗೇ ಮತ್ತ ಓದಿ ಬರ್ರಿ ಅಂತಾವ. ನಮ್ಮ ತಂಗಿಗೆ ಆದದ್ದು ಗ್ರೀನ್ ಕಾರ್ಡ್ ಇತ್ತು ಅಂತ.

ಇಲ್ಲಿ ಬಿಎಸ್ಸಿ ಪಿಎ ಮಾಡೋದು ದಂಡ ಅಂತ ನಾನು ಹೇಳ್ಲಾಕತ್ತಿಲ್ಲ. ಕಲಬುರಗ್ಯಾಗೇ ಜಯದೇವದಂಥಾ ದೊಡ್ಡ ಹಾರ್ಟ್ ದವಾಖಾನಿ ಬಂದದ, ಮೆಡಿಕಲ್ ಕಾಲೇಜ್ ಅವ, ಪ್ರೈವೇಟ್ ಅವ, ಮೊದ್ಲಿನಂಗ ಎಲ್ಲದಕ್ಕೂ ಹೈದ್ರಾಬಾದ್ ಬಸ್ ಹಿಡಿಯೋದು ಕಮ್ಮಿ ಆಗ್ಯದ, ದವಾಖಾನಿ ಹೆಚ್ಚಾದಂಗ ವಾರ್ಡಿನಾಗ ಕೈ ಬೇಕೇಬೇಕು. ಶುರುವಿಗೆ ಸಂಬಳ ಕಮ್ಮಿ, ಅದನ್ನ ಮುಚ್ಚಿಡಂಗಿಲ್ಲ, ಮತ್ತ ಏನ್ ಮಾಡಬಹುದು ಏನ್ ಮಾಡಬಾರದು ಅನ್ನೋದು ಇನ್ನೂ ದವಾಖಾನಿ ದವಾಖಾನಿಗೆ ಬ್ಯಾರೆ. ಅದನ್ನ ತಿಳ್ಕೊಂಡು ಇಲ್ಲಿಗೆ ಅಂತ ಓದಿದ್ರ ಕೆಲ್ಸ ಸಿಗ್ತದ, ಮರ್ಯಾದಿನೂ ಸಿಗ್ತದ, ಅಮೆರಿಕಾಕ್ಕ ಮೆಟ್ಟಲು ಅಂತ ಓದಬ್ಯಾಡ್ರಿ ಅಷ್ಟೇ.

ಇಷ್ಟೆಲ್ಲಾ ಹೇಳೋದ್ರಾಗ ಚಹಾ ಆರಿ ಹೋಗಿತ್ತು. ಅವ್ರಪ್ಪ ಪಾಂಪ್ಲೆಟ್ ಮಡಚ್ಲಿಕ್ಕ ಶುರು ಮಾಡಿದ್ರು, ಹುಡುಗ ಬಿಡ್ಲಿಲ್ಲ, "ಇದು ಅಮೆರಿಕಾದಾಗೇ ಇರೋ ಕಾಲೇಜ್ ಅಣ್ಣಾ, ಇವ್ರದು ನಡೀಬಹುದಲ್ಲ" ಅಂದ. ನನ್ನ ಮೊಬೈಲ್ ಅವನ ಕೈಯಾಗ ಕೊಟ್ಟೆ, ಆರ್ಕ್ ಪಿಎ ವೆಬ್‌ಸೈಟಿನಾಗ ಮಾನ್ಯತೆ ಇರೋ ಕಾಲೇಜಿನ ಪಟ್ಟಿ ಅದ, ಯಾರೂ ನೋಡಬಹುದು, ನೀನೇ ಹುಡ್ಕು ಅಂದೆ. ಪಾಂಪ್ಲೆಟ್ ನೋಡ್ಕೋಂತ ಹೆಸ್ರು ಹೊಡ್ದ. ಬರ್ಲಿಲ್ಲ. ಸ್ಪೆಲ್ಲಿಂಗ್ ತಪ್ಪಿರಬೇಕು ಅಂತ ಎರಡು ಸಲ ಬದಲ್ ಮಾಡಿ ಹೊಡ್ದ, ಆಮ್ಯಾಲ ರಾಜ್ಯದ ಹೆಸರಿನಿಂದ ಹುಡುಕಿ ಪಟ್ಟಿ ಪೂರಾ ಕೆಳಗಿನ ತನಕ ಜಗ್ಗಿದ. ಮೊಬೈಲ್ ನನಗ ವಾಪಸ್ ಕೊಟ್ಟು ಅವ್ರಪ್ಪನ ಕಡೆ ನೋಡಿ, "ಆ ಅಂಕಲ್‌ಗೆ ಅಡ್ವಾನ್ಸ್ ಎಷ್ಟು ಕೊಟ್ಟೀರಿ?" ಅಂತ ಕೇಳ್ದ.